ಬರೆದವರನ್ನು ಕೇಳು

ತೊರೆಹಾಳದ ತಾಲೂಕು ಆಸ್ಪತ್ರೆಯಲ್ಲಿ ಈಗ ಯಾರೂ ಪೆನ್ನು ಹಿಡಿಯುತ್ತಿರಲಿಲ್ಲ. ನರ್ಸು ರೋಗಿಯ ತೋಳಿಗೆ ಪಟ್ಟಿ ಸುತ್ತಿ, ರಕ್ತದೊತ್ತಡ ನೋಡಿ, ಅದನ್ನು ಬಾಯಲ್ಲಿ ಹೇಳಿದರೆ ಸಾಕು. ಮೇಜಿನ ಮೇಲಿದ್ದ ತೆಳು ಫಲಕದಲ್ಲಿ ಆ ರೋಗಿಯ ಹಾಳೆ ತೆರೆದುಕೊಂಡು, ಅಂಕಿ ತಾನಾಗಿ ತನ್ನ ಜಾಗಕ್ಕೆ ಹೋಗಿ ಕೂಡುತ್ತಿತ್ತು. ಈ ಗುಳಿಗೆ ನಿಲ್ಲಿಸೋಣ, ಮುಂದಿನ ಸೋಮವಾರ ಬರಲಿ ಎಂದು ವೈದ್ಯರು ಪಕ್ಕದವರೊಡನೆ ಮಾತಾಡಿದಂತೆ ಅಂದರೆ, ಗುಳಿಗೆಯ ಹೆಸರಿನ ಮೇಲೆ ಗೆರೆ ಬಿದ್ದು, ಸೋಮವಾರದ ಸರದಿಗೆ ರೋಗಿಯ ಹೆಸರು ಸೇರಿ, ಅವರ ಮನೆಗೆ ಸಂದೇಶವೂ ಹೋಗಿರುತ್ತಿತ್ತು. ಇದನ್ನೆಲ್ಲ ಮಾಡುತ್ತಿದ್ದದ್ದು ದಾಖಲೆ ಪಾಲಕ ಎಂಬ ಯಂತ್ರಬುದ್ಧಿ. ನರ್ಸುಗಳು ಅದನ್ನು ಬರೀ ಪಾಲಕ ಎನ್ನುತ್ತಿದ್ದರು. ಅದು ಬಂದ ಹನ್ನೊಂದು ತಿಂಗಳಲ್ಲಿ ಹೊರರೋಗಿಗಳ ಸಾಲು ಅರ್ಧಕ್ಕೆ ಇಳಿದಿತ್ತು. ಹಾಳೆ ಕಳೆಯಿತೆಂದು ಜಗಳವಾಡುವವರು ಇಲ್ಲವಾಗಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವ ದ್ಯಾಮವ್ವ ತಳವಾರ ಎಂಬ ಐವತ್ತೆರಡು ವರ್ಷದ ಹೆಂಗಸು ಅಲ್ಲಿಗೆ ಬಂದಳು. ತುಕ್ಕು ಹಿಡಿದ ತಗಡು ಪಾದ ಕೊಯ್ದು, ಗಾಯ ಕೀವಾಗಿ, ಕಾಲು ಮೊಣಕಾಲಿನವರೆಗೆ ಬಾತಿತ್ತು. ಕರ್ತವ್ಯದಲ್ಲಿದ್ದ ಕಿರಿಯ ವೈದ್ಯ ಫಲಕ ನೋಡಿದ. ಹಾಳೆಯ ಕೊನೆಯಲ್ಲಿ ಷರಾ ಎಂಬ ಭಾಗವಿರುತ್ತದೆ. ಯಾವ ಔಷಧ ಒಗ್ಗದು, ಯಾವುದಕ್ಕೆ ಎಚ್ಚರ ಬೇಕು ಎಂಬುದನ್ನೆಲ್ಲ ಹಳೆಯ ಕಾಗದದ ದಿನಗಳಿಂದಲೂ ಅಲ್ಲಿಯೇ ಬರೆಯುವ ರೂಢಿ. ದ್ಯಾಮವ್ವನ ಷರಾದಲ್ಲಿ ಒಂದೇ ಸಾಲಿತ್ತು: ದೂರವಾಣಿ ಸಂಖ್ಯೆ ಬದಲಾಗಿದೆ. ಷರಾದಲ್ಲಿ ಎಚ್ಚರಿಕೆ ಇಲ್ಲದಿದ್ದರೆ ಪರೀಕ್ಷೆಯ ಚುಚ್ಚು ಬೇಕಿಲ್ಲ ಎಂಬುದು ಹೊಸ ನಿಯಮ. ಅವನು ಪೆನ್ಸಿಲಿನ್ ಸೂಜಿ ಕೊಡಿಸಿದ. ಎರಡು ನಿಮಿಷದಲ್ಲಿ ಅವಳ ತುಟಿ ಊದಿ, ಉಸಿರು ಕಟ್ಟಿ, ಬೆಂಚಿನಿಂದ ನೆಲಕ್ಕೆ ಜಾರಿದಳು.

ಈ ಸುದ್ದಿ ಮಧ್ಯಾಹ್ನದ ಊಟಕ್ಕೆ ಮೊದಲೇ ಧಾರವಾಡದ ಹೊರವಲಯದಲ್ಲಿದ್ದ ವಲಯ ದಾಖಲಾ ಕೇಂದ್ರಕ್ಕೆ ತಲುಪಿತು. ಅಲ್ಲಿ ಅದನ್ನು ಕೇಳಿ ಕುಳಿತಲ್ಲಿಂದ ಎದ್ದವಳು ನೀಲಗಂಗಾ ಹೂಲಿ. ಆ ದಿನದಿಂದ ಮುಂದಿನ ಎಂಟು ದಿನ ಅವಳು ಒಂದು ಕಡೆ ಸರಿಯಾಗಿ ಕೂಡಲಿಲ್ಲ.

ನೀಲಗಂಗಾಳ ಕೆಲಸಕ್ಕೆ ಆಗಿನ್ನೂ ಜನರಲ್ಲಿ ಹೆಸರಿರಲಿಲ್ಲ. ನೇಮಕದ ಪತ್ರದಲ್ಲಿ ವಿವರಣೆಗಾರ್ತಿ ಎಂದಿತ್ತು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವಳು ಕುಕ್ಕರಿನ ಕೈಪಿಡಿ, ಕೀಟನಾಶಕದ ಡಬ್ಬಿಯ ಚೀಟಿ, ಕಣ್ಣಿನ ಹನಿಮದ್ದಿನ ಜೊತೆಗಿಡುವ ಕಾಗದ ಇಂಥವನ್ನು ಕನ್ನಡದಲ್ಲಿ ಬರೆದಿದ್ದಳು. ಎರಡು ಮುಖದ ಮಾತುಗಳನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ. 'ನೀರನ್ನು ಆರಿಸಿ' ಎಂದು ಒಬ್ಬರು ಬರೆದು ತಂದಾಗ, ತಣಿಸುವುದೋ ಆಯ್ದುಕೊಳ್ಳುವುದೋ ಎಂದು ಕೇಳಿ ಹರಿದು ಕೊಟ್ಟವಳು. ತಾನು ಬರೆದ ಸಾಲಿನಿಂದ ಯಾರಿಗೂ ಕೇಡಾಗಿಲ್ಲ ಎಂಬುದು ಅವಳು ಯಾರ ಮುಂದೆಯೂ ಹೇಳಿಕೊಳ್ಳದ ಹೆಮ್ಮೆಯಾಗಿತ್ತು.

ಪಾಲಕನನ್ನು ಕಟ್ಟಿದ ವಿಜ್ಞಾನಿ ಡಾಕ್ಟರ್ ಇಮ್ತಿಯಾಜ ಬಾಗೇವಾಡಿ ಅವಳನ್ನು ಹುಡುಕಿಕೊಂಡು ಹೋಗಿ ಕರೆತಂದದ್ದು ಇದೇ ಗುಣಕ್ಕಾಗಿ. ಪಾಲಕನಿಗೆ ಓದಲು ಬರುತ್ತದೆ, ವಿಚಾರ ಮಾಡಲು ಬರುತ್ತದೆ, ಆದರೆ ಕೈಗಳಿಲ್ಲ ಎಂದು ಅವನು ಮೊದಲ ದಿನವೇ ವಿವರಿಸಿದ್ದ. ದಾಖಲೆಯನ್ನು ಮುಟ್ಟಬೇಕಾದರೆ ಅದಕ್ಕೆ ಸಲಕರಣೆ ಬೇಕು. ಹುಡುಕು, ಓದು, ನವೀಕರಿಸು, ಕರೆ ಮಾಡು ಎಂದು ಹದಿನಾರು ಸಲಕರಣೆಗಳಿದ್ದವು. ಒಂದೊಂದರ ಮೇಲೂ ಅದು ಏನು ಮಾಡುತ್ತದೆ, ಯಾವಾಗ ಎತ್ತಿಕೊಳ್ಳಬೇಕು ಎಂಬ ನಾಲ್ಕಾರು ಸಾಲಿನ ವಿವರಣೆ. ಸಲಕರಣೆಯ ಒಳಗಿನ ಕೀಲು ಪಾಲಕನಿಗೆ ಕಾಣುವುದಿಲ್ಲ. ನಿನ್ನೆ ಹೇಗೆ ಬಳಸಿದ್ದೆ ಎಂಬ ನೆನಪೂ ಅದಕ್ಕಿಲ್ಲ. ಪ್ರತಿ ಸಲವೂ ವಿವರಣೆಯನ್ನು ಹೊಸದಾಗಿ ಓದಿ, ಅದನ್ನೇ ನಂಬಿ ಕೈ ಹಾಕುತ್ತದೆ. ಆ ವಿವರಣೆಗಳನ್ನು ಬರೆದವಳು ನೀಲಗಂಗಾ.

ಇಮ್ತಿಯಾಜ ಅವಳ ಮೇಜಿನ ಬಳಿ ನಿಂತು ಏನಾಯಿತೆಂದು ಹೇಳಿದ. ಒಂಬತ್ತು ದಿನಗಳ ಹಿಂದೆ ಪಾಲಕನ ಹೊಸ ಪೀಳಿಗೆಯನ್ನು ಕೂರಿಸಿದ್ದರು. ಹಳೆಯದು ಷರಾದಲ್ಲಿ ಒಂದು ಸಾಲು ಸೇರಿಸಬೇಕಿದ್ದರೂ ಇಡೀ ಷರಾವನ್ನು ನಕಲು ಮಾಡಿ, ಕೊನೆಗೆ ಹೊಸ ಸಾಲು ಹಚ್ಚಿ ಕೊಡುತ್ತಿತ್ತು. ಹೊಸದು ಮಿತವ್ಯಯದ್ದು. ಹೊಸ ಸಾಲನ್ನಷ್ಟೇ ಕೊಟ್ಟಿತು. 'ನವೀಕರಿಸು' ಸಲಕರಣೆ ಕೊಟ್ಟದ್ದನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಅಳಿಸಿತು. ಅದರ ಕೀಲೇ ಹಾಗಿತ್ತು. ಯಾವ ದೀಪವೂ ಕೆಂಪಾಗಲಿಲ್ಲ. ಹಾಳೆಗಳು ಮೊದಲಿಗಿಂತ ಚೊಕ್ಕಟವಾಗಿ ಕಂಡವು, ಅಷ್ಟೇ.

"ಹಂಗಾರ ಪಾಲಕನ ತಪ್ಪಲ್ಲೇನು?" ಎಂದಳು ನೀಲಗಂಗಾ.

ಅವನು ಫಲಕದ ಮೇಲೆ ಅವಳದೇ ವಿವರಣೆಯನ್ನು ತೆಗೆದ. 'ನವೀಕರಿಸು: ಕೊಟ್ಟ ಪಠ್ಯದಿಂದ ದಾಖಲೆಯ ಭಾಗವನ್ನು ನವೀಕರಿಸುತ್ತದೆ.'

"ಇದರೊಳಗ ಹಳೇದು ಉಳೀತದೋ ಹೋಗ್ತದೋ, ಎಲ್ಲಿ ಹೇಳೀರಿ ನೋಡ್ರಿ," ಎಂದ ಮೆಲ್ಲಗೆ.

ಅವಳು ಮೂರು ಸಲ ಓದಿದಳು. ಬರೆಯುವಾಗ ಅವಳ ಮನಸ್ಸಿನಲ್ಲಿ ಒಂದೇ ಅರ್ಥವಿತ್ತು. ಈಗ ಸಾಲು ಎರಡೂ ಕಡೆ ಮುಖ ಮಾಡಿ ನಿಂತಿತ್ತು. ಸಲಕರಣೆಯ ಕೀಲನ್ನು ಹೆಣೆದವರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಿರಲಿಲ್ಲ. ಹದಿನಾರು ವಿವರಣೆಗಳನ್ನು ಒಂದೇ ವಾರದಲ್ಲಿ ಮುಗಿಸಿದ್ದಕ್ಕೆ ಎಲ್ಲರೂ ಹೊಗಳಿದ್ದರು.

ಎಷ್ಟು ಹಾಳೆ ಎಂದು ಕೇಳಿದಳು. ಒಂಬತ್ತು ದಿನದಲ್ಲಿ ನಲವತ್ತೊಂದು ಸಾವಿರ ಎಂದ. ಆ ಹೆಂಗಸು ಹೇಗಿದ್ದಾಳೆ ಎಂದು ಕೇಳಿದಳು. ಕೃತಕ ಉಸಿರಿನಲ್ಲಿದ್ದಾಳೆ, ಮುಂದಿನದು ಗೊತ್ತಿಲ್ಲ ಎಂದ.

ಕೇಂದ್ರದ ನಿರ್ದೇಶಕ ಸುಧೀಂದ್ರ ಗಲಗಲಿ ಆ ಸಂಜೆಯೇ ಸಭೆ ಕರೆದ. ಅವನು ಕೆಟ್ಟ ಮನುಷ್ಯನಲ್ಲ, ಗಡಿಬಿಡಿಯ ಮನುಷ್ಯ. ಮೊದಲು ಎಲ್ಲ ಆಸ್ಪತ್ರೆಗಳಿಗೂ ಷರಾವನ್ನು ನಂಬಬೇಡಿ, ಪರೀಕ್ಷೆಯ ಚುಚ್ಚು ಬಿಡಬೇಡಿ ಎಂದು ಆದೇಶ ಹೋಯಿತು. ಹಳೆಯ ಪ್ರತಿಗಳು ಭಂಡಾರದಲ್ಲಿದ್ದವು, ಅದೊಂದು ಪುಣ್ಯ. ಆದರೆ ಒಂಬತ್ತು ದಿನದ ಹೊಸ ಸಾಲುಗಳನ್ನು ಅವುಗಳೊಂದಿಗೆ ಬೆಸೆಯಬೇಕಿತ್ತು. ಹೇಗೂ ಕೈ ಹಾಕಿದ್ದೇವೆ, ಇಪ್ಪತ್ತು ಮೂವತ್ತು ವರ್ಷಗಳಿಂದ ತುಂಬಿಕೊಂಡ ಕಸವನ್ನೂ ತೆಗೆದುಬಿಡಲಿ ಎಂದು ಗಲಗಲಿ ಹೇಳಿದ. ಅರವತ್ತರ ಮುದುಕಿಯ ಷರಾದಲ್ಲಿ ಇನ್ನೂ 'ಗರ್ಭಿಣಿ' ಎಂದಿತ್ತು. ಅವನ ಮಾತು ಪೂರ್ತಿ ತಪ್ಪಾಗಿರಲಿಲ್ಲ. ನಲವತ್ತೊಂದು ಸಾವಿರ ಹಾಳೆಗಳನ್ನು ಕೂತು ನೋಡುವಷ್ಟು ಜನ ಎಲ್ಲಿಯೂ ಇರಲಿಲ್ಲ. ಪಾಲಕನೇ ಮಾಡಬೇಕು. ಅಂದರೆ ವಿವರಣೆಯನ್ನು ಮತ್ತೆ ನೀಲಗಂಗಾಳೇ ಬರೆಯಬೇಕು.

ಬರೆಯಲು ಕುಳಿತರೆ ಕೈ ಓಡಲಿಲ್ಲ. ಕೇಂದ್ರದ ಉದ್ದನೆಯ ಪಡಸಾಲೆಯಲ್ಲಿ ಅವಳು ಅತ್ತಿಂದಿತ್ತ ನಡೆದಳು. ಚಹಾ ತರಿಸಿ ಕುಡಿಯಲು ಮರೆತಳು. ಗೋಡೆಗೆ ಅಂಟಿಸಿದ ಬೆಂಕಿ ಆರಿಸುವ ಸಿಲಿಂಡರಿನ ಸೂಚನೆಯನ್ನು ಓದಿ, ಅದರಲ್ಲಿ ಎರಡು ತಪ್ಪು ಕಂಡು, ಹಿಂದಿರುಗಿ ಬಂದು ಒಂದು ಸಾಲು ಬರೆದು, ಹೊಡೆದು ಹಾಕಿ, ಮತ್ತೆ ಎದ್ದಳು. ಮನೆಯಲ್ಲಿ ಅಡುಗೆ ಮಾಡುವಾಗಲೂ ಸಾರಿನ ಪುಡಿಯ ಪೊಟ್ಟಣ ತಿರುಗಿಸಿ ಹಿಂದಿನ ಬರಹ ಓದುತ್ತ ನಿಂತುಬಿಡುತ್ತಿದ್ದಳು. ಗಂಡ ಕೇಳಿದ್ದಕ್ಕೆ ಏನಿಲ್ಲ ಎಂದಳು. ಮೂರನೆಯ ದಿನ ದ್ಯಾಮವ್ವ ಕಣ್ಣು ಬಿಟ್ಟಳು ಎಂಬ ಸುದ್ದಿ ಬಂತು. ಅದನ್ನು ಕೇಳಿದ ಮೇಲೆಯೇ ನೀಲಗಂಗಾಳಿಗೆ ಬರೆಯಲು ಸಾಧ್ಯವಾದದ್ದು.

ಈ ಸಲ ಕೀಲು ಹೆಣೆದವರ ಪಕ್ಕದಲ್ಲೇ ಕೂತು ಕೇಳಿ ಬರೆದಳು. 'ನವೀಕರಿಸು: ನೀನು ಕೊಟ್ಟ ಪಠ್ಯ ಆ ಭಾಗದ ಇಡೀ ಹಳೆಯ ಪಠ್ಯದ ಜಾಗಕ್ಕೆ ಬರುತ್ತದೆ. ನೀನು ಕೊಡದೆ ಬಿಟ್ಟದ್ದು ಅಳಿದುಹೋಗುತ್ತದೆ. ಆದ್ದರಿಂದ ಮೊದಲು ಇಡೀ ಭಾಗವನ್ನು ಓದು. ಉಳಿಯಬೇಕಾದ ಪ್ರತಿ ಸಾಲನ್ನೂ ಪದ ಬದಲಿಸದೆ ಸೇರಿಸಿ ಕೊಡು. ಕಾಲ ಮೀರಿದ ಸಾಲನ್ನು ಮಾತ್ರ ತೆಗೆ.'

ಇನ್ನೂರು ಹಾಳೆಗಳ ಮೇಲೆ ಪ್ರಯೋಗ ಮಾಡಿದರು. ಪಾಲಕ ಔಷಧದ ಎಚ್ಚರಿಕೆ ಒಂದನ್ನೂ ಬಿಟ್ಟಿರಲಿಲ್ಲ. ಇಮ್ತಿಯಾಜನ ಮುಖದಲ್ಲಿ ಐದು ದಿನಗಳ ಮೇಲೆ ನಗು ಕಂಡಿತು. ನೀಲಗಂಗಾ ಮಾತ್ರ ತೆಗೆದುಹಾಕಿದ ಸಾಲುಗಳ ಪಟ್ಟಿಯನ್ನು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದಳು. ಗರ್ಭಿಣಿ, ದವಡೆ ಹಲ್ಲು ನೋವು, ಕೈಗೆ ಪ್ಲಾಸ್ಟರ್ ಇದೆ ಇಂಥ ಹಳೆಯ ಸಾಲುಗಳೇ ಹೆಚ್ಚು. ನಡುನಡುವೆ ಬೇರೆ ಥರದವು. 'ಬಾಗಿಲು ಮುಚ್ಚಬೇಡಿ.' 'ಅಣ್ಣ ಜೊತೆಗಿದ್ದರೆ ಏನನ್ನೂ ಕೇಳಬಾರದು.' 'ಬಲಗಡೆಯಿಂದ ಮಾತಾಡಿಸಿ.'

ಬಾಗಿಲು ಮುಚ್ಚಬೇಡಿ ಅಂದರೆ ಏನು ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಅದು ಔಷಧವೂ ಅಲ್ಲ, ರೋಗವೂ ಅಲ್ಲ, ಮುರಿದ ಬಾಗಿಲೇನೋ ಇದ್ದಿರಬೇಕು, ಕಾಲ ಮೀರಿದ್ದೆಂದು ಪಾಲಕ ತೆಗೆದಿದೆ ಎಂದ.

"ಪಾಲಕಗ ಗೊತ್ತಿಲ್ಲ, ನಿಮಗ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬರದವರಿಗೆ ಗೊತ್ತಿತ್ತಲ್ಲ," ಎಂದಳು ಅವಳು. ಮೇಜಿಗೆ ಹೋಗಿ, ಕೂಡದೆ, ನಿಂತಲ್ಲಿಂದಲೇ ಎರಡು ಸಾಲು ಸೇರಿಸಿದಳು: 'ಒಂದು ಸಾಲು ಯಾಕಿದೆ ಎಂದು ತಿಳಿಯದಿದ್ದರೆ ಅದನ್ನು ತೆಗೆಯಬೇಡ. ಬರೆದವರನ್ನು ಕೇಳು.'

ಇಮ್ತಿಯಾಜ ಒಪ್ಪಿದ. ಕೇಳು ಎಂದರೆ ಪಾಲಕ ಆ ಸಾಲಿನ ಮುಂದೆ ಒಂದು ಪ್ರಶ್ನೆಯ ಗುರುತು ಹಾಕಿ ಮುಂದೆ ಹೋಗುತ್ತದೆ ಎಂದು ಅವನೂ ಅಂದುಕೊಂಡ, ಅವಳೂ ಅಂದುಕೊಂಡಳು. ಹದಿನಾರು ಸಲಕರಣೆಗಳಲ್ಲಿ 'ಕರೆ ಮಾಡು' ಎಂಬುದೊಂದಿದೆ, ಅದು ರೋಗಿಗಳಿಗೆ ಸರದಿ ನೆನಪಿಸಲು ಇಟ್ಟದ್ದು ಎಂಬುದು ಇಬ್ಬರಿಗೂ ಆ ಕ್ಷಣ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೆಲಸ ಶುರುವಾಯಿತು. ಒಂಬತ್ತರ ಹೊತ್ತಿಗೆ ಐದು ಜಿಲ್ಲೆಗಳಲ್ಲಿ ಫೋನುಗಳು ರಿಂಗಣಿಸುತ್ತಿದ್ದವು. ನಿವೃತ್ತ ವೈದ್ಯರು, ವರ್ಗವಾಗಿ ಹೋದ ಕಂಪೌಂಡರುಗಳು, ಕೆಲಸ ಬಿಟ್ಟ ಸೂಲಗಿತ್ತಿಯರು, ಎಂದೋ ಆರು ತಿಂಗಳು ತರಬೇತಿಗೆ ಬಂದಿದ್ದ ನರ್ಸುಗಳು, ಎಲ್ಲರಿಗೂ ಕರೆ. ಹಾಳೆಯಲ್ಲಿ ಪ್ರತಿ ಸಾಲಿನ ಕೆಳಗೂ ಬರೆದವರ ಸಹಿ ಇರುತ್ತಿತ್ತು. ಪಾಲಕ ಅವರ ಸಂಖ್ಯೆಗಳನ್ನು ಹುಡುಕಿ ತೆಗೆದಿತ್ತು. ನಮಸ್ಕಾರ, ತಾವು ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಸಾಲು ಬರೆದಿದ್ದೀರಿ, ಅದು ಯಾಕೆಂದು ತಿಳಿಸುವಿರಾ ಎಂದು ಅದು ವಿನಯದಿಂದ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಸಾವಿರ ಕರೆಗಳಾಗಿದ್ದವು. ಕೆಲವರು ಮೋಸದ ಕರೆಯೆಂದು ಬೈದು ಇಟ್ಟರು. ಸತ್ತವರ ಮನೆಗಳಲ್ಲಿ ಮಕ್ಕಳು ಎತ್ತಿಕೊಂಡು ಕಕ್ಕಾಬಿಕ್ಕಿಯಾದರು. ದೂರುಗಳು ಕೇಂದ್ರಕ್ಕೆ ಬಂದು ಬಿದ್ದವು.

ಗಲಗಲಿ ನೀಲಗಂಗಾಳನ್ನು ಕರೆಸಿದ. ಒಂದು ತಪ್ಪು ಸಾಲಿನಿಂದ ಜೀವ ಹೋಗುತ್ತಿತ್ತು, ಇನ್ನೊಂದು ಸಾಲಿನಿಂದ ಇಡೀ ವಲಯದ ಮಾನ ಹೋಯಿತು ಎಂದ. ದೂರು ಕೊಟ್ಟವರಲ್ಲಿ ಗದಗ ಬೆಟಗೇರಿಯ ಸುವಾರ್ತಾ ಸಾಲಿನ್ಸ್ ಎಂಬ ಎಪ್ಪತ್ತನಾಲ್ಕು ವರ್ಷದ ನಿವೃತ್ತ ನರ್ಸ್ ಇದ್ದರು. ಅವರಿಗೆ ಒಂದೇ ದಿನ ಹತ್ತೊಂಬತ್ತು ಕರೆ ಹೋಗಿದ್ದವು. ನೀವೇ ಹೋಗಿ ಕ್ಷಮೆ ಕೇಳಿಬನ್ನಿ, ಆ ಎರಡು ಸಾಲಿನ ವಿಷಯ ನಾನು ನೋಡಿಕೊಳ್ಳುತ್ತೇನೆ ಎಂದು ನೀಲಗಂಗಾಳಿಗೆ ಹೇಳಿ ಕಳಿಸಿದ.

ಮರುದಿನ ಬಸ್ಸಿನಲ್ಲಿ ಅವಳು ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡೇ ಹೋದಳು. ಬೆಟಗೇರಿಯ ಆ ಸಣ್ಣ ಮನೆಯ ಬಾಗಿಲು ತೆರೆದದ್ದು ಸೊಸೆ. ದೂರು ಕೊಟ್ಟವಳೂ ಅವಳೇ. ಒಳಗೆ ಸುವಾರ್ತಾ ಸಿಸ್ಟರ್ ಕನ್ನಡಕ ಹಾಕಿಕೊಂಡು, ತಲೆ ಬಾಚಿ, ಫೋನನ್ನು ಎದುರಿಗಿಟ್ಟುಕೊಂಡು ಕೂತಿದ್ದರು. ತೊಡೆಯ ಮೇಲೆ ಒಂದು ನೋಟುಬುಕ್ಕು. ನೀಲಗಂಗಾ ತಾನು ಯಾರೆಂದು ಹೇಳಿ, ಇನ್ನು ಮುಂದೆ ಕರೆಗಳು ಬರದಂತೆ ನೋಡಿಕೊಳ್ಳುತ್ತೇವೆ ಎಂದಳು.

"ಯಾಕ, ನಿಲ್ಲಸ್ತೀರೇನು?" ಎಂದರು ಸಿಸ್ಟರ್. ಅವರ ಮುಖ ಬಾಡಿತು. "ಮೂವತ್ತಾರು ವರ್ಷ ಬರದೆ ನಾನು. ಇದನ್ನ ಯಾಕ ಬರದಿ ಸುವಾರ್ತಾ ಅಂತ ಒಬ್ಬ ಡಾಕ್ಟರೂ ಕೇಳಲಿಲ್ಲ. ನಿನ್ನೆ ಅದು ಕೇಳಿತು. ಹತ್ತೊಂಬತ್ತೂ ನೆನಪಿಗೆ ಬಂದುವು. ಎರಡು ಮಾತ್ರ ಬರಲಿಲ್ಲ, ಅದಕ್ಕ ರಾತ್ರಿ ನಿದ್ದಿ ಇಲ್ಲ."

ಹತ್ತೊಂಬತ್ತು ಅಂದ ಮೇಲೆ ಎರಡು ಹೇಗೆ ಉಳಿದವು ಎಂದು ಸೊಸೆ ಒಳಗಿನಿಂದ ಲೆಕ್ಕ ತೆಗೆದಳು. ಸಿಸ್ಟರ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನೀಲಗಂಗಾ ಬಾಗಿಲು ಮುಚ್ಚಬೇಡಿ ಎಂಬ ಸಾಲಿನ ಬಗ್ಗೆ ಕೇಳಿದಳು. ಅದು ಇವರದೇ ಆಗಿತ್ತು. ಹನುಮವ್ವ ಎಂಬ ಹೆಂಗಸು ಒಂಬತ್ತು ವರ್ಷದವಳಿದ್ದಾಗ ಮಣ್ಣಿನ ಮನೆ ಕುಸಿದು ಒಂದು ಹಗಲು ಪೂರ್ತಿ ಅದರಡಿ ಸಿಕ್ಕಿಕೊಂಡಿದ್ದಳಂತೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂಡಿಸಿದರೆ ಅವಳ ರಕ್ತದೊತ್ತಡ ನೂರಾ ಎಂಬತ್ತಕ್ಕೆ ಏರುತ್ತದೆ, ತೆರೆದಿಟ್ಟರೆ ನೂರಾ ಮೂವತ್ತು. ಎರಡು ಸಲ ಅಳೆದು ನೋಡಿ ಬರೆದದ್ದು. ನೀಲಗಂಗಾ ಅಲ್ಲಿಂದಲೇ ಇಮ್ತಿಯಾಜನಿಗೆ ಫೋನು ಮಾಡಿದಳು. ಅವನು ಹಾಳೆ ನೋಡಿ ಹೇಳಿದ. ಹನುಮವ್ವನ ಷರಾ ಅಳಿದ ಮೇಲೆ ಅವಳನ್ನು ಎರಡು ಸಲ ಮುಚ್ಚಿದ ಕೋಣೆಯಲ್ಲಿ ಅಳೆದಿದ್ದರು. ಗುಳಿಗೆ ದುಪ್ಪಟ್ಟಾಗಿತ್ತು. ಅವಳು ತಲೆ ತಿರುಗಿ ಬಚ್ಚಲಿನಲ್ಲಿ ಬಿದ್ದಿದ್ದಳು. ನಿನ್ನೆ ಸಿಸ್ಟರ್ ಕಾರಣ ಹೇಳಿದ ಕೂಡಲೇ ಪಾಲಕ ಅದನ್ನು ಹಾಳೆಗೆ ಸೇರಿಸಿ ವೈದ್ಯರ ಗಮನಕ್ಕೆ ತಂದಿತ್ತು. ಬೆಳಿಗ್ಗೆ ಗುಳಿಗೆ ಇಳಿಸಿದ್ದರು.

ಬೆಟಗೇರಿಯಿಂದ ಧಾರವಾಡದ ಬಸ್ಸು ಹತ್ತಬೇಕಾದವಳು ತೊರೆಹಾಳದ ಬಸ್ಸು ಹತ್ತಿದಳು. ಯಾಕೆಂದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. ಎಂಟು ದಿನಗಳಿಂದ ಆ ಹೆಂಗಸಿನ ಮುಖ ನೋಡಬೇಕೆಂದು ಅನಿಸುತ್ತಿತ್ತು. ನೋಡಲು ಧೈರ್ಯ ಸಾಲುತ್ತಿರಲಿಲ್ಲ.

ದ್ಯಾಮವ್ವ ಹೆಂಗಸರ ವಾರ್ಡಿನ ಕೊನೆಯ ಮಂಚದಲ್ಲಿ ದಿಂಬಿಗೆ ಒರಗಿ, ಕಾಲನ್ನು ಎತ್ತರಕ್ಕಿಟ್ಟುಕೊಂಡು ಕೂತಿದ್ದಳು. ಕಪ್ಪು ಗಟ್ಟಿ ಮುಖ, ದೊಡ್ಡ ಮೂಗುತಿ. ಗಂಟಲಲ್ಲಿ ನಳಿಗೆ ಇಟ್ಟಿದ್ದರಿಂದ ದನಿ ಒಡಕಾಗಿತ್ತು. ನೀಲಗಂಗಾ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹಾಳೆಯಲ್ಲಿದ್ದ ಎಚ್ಚರಿಕೆ ಅಳಿದುಹೋಗಿತ್ತು, ಅದು ಅಳಿದದ್ದು ಒಂದು ಸಾಲಿನಿಂದ, ಆ ಸಾಲು ಬರೆದವಳು ನಾನು ಎಂದಳು.

ದ್ಯಾಮವ್ವ ದಿಂಬಿನಿಂದ ಮುಂದಕ್ಕೆ ಬಾಗಿದಳು.

"ಹಾಳಿ ವಿಷಯ ನನಗ ಗೊತ್ತಿಲ್ಲವ್ವ. ಆ ಸೂಜಿ ನನಗ ಆಗಂಗಿಲ್ಲ ಅಂತ ನಾನ ಹೇಳಿದ್ದೆ. ಎರಡ ಸರ್ತಿ ಹೇಳಿದೆ. ಡಾಕ್ಟರು ಮೇಜಿನ ಮ್ಯಾಲಿನ ಡಬ್ಬಿ ನೋಡಿದ್ರು, ನನ್ನ ಮಾರಿ ನೋಡಲಿಲ್ಲ."

ಎಂಟು ದಿನ ನೀಲಗಂಗಾ ಸಾಲಿನ ಬಗ್ಗೆ ಯೋಚಿಸಿದ್ದಳು, ಪಾಲಕನ ಬಗ್ಗೆ ಯೋಚಿಸಿದ್ದಳು. ಹಾಳೆಯ ಈಚೆ ಒಬ್ಬ ಹೆಂಗಸು ಬಾಯಿ ತೆರೆದು ಹೇಳಿದ್ದಿರಬಹುದು ಎಂಬುದು ಒಮ್ಮೆಯೂ ಅವಳ ತಲೆಗೆ ಬಂದಿರಲಿಲ್ಲ. ಕೈ ಸುಮ್ಮನಿರಲಾರದೆ ಚೀಲದಿಂದ ಫಲಕ ತೆಗೆದು, ದ್ಯಾಮವ್ವನ ಹಳೆಯ ಪ್ರತಿ ಕಳಿಸುವಂತೆ ಇಮ್ತಿಯಾಜನಿಗೆ ಬರೆದಳು. ಈವರೆಗೆ ಅದನ್ನು ಬಿಡಿಸಿ ಓದುವ ಧೈರ್ಯವೂ ಅವಳಿಗೆ ಆಗಿರಲಿಲ್ಲ. ಹಾಳೆ ಬಂತು. ಹದಿನಾಲ್ಕು ವರ್ಷಗಳ ಹಿಂದಿನ ಒಂದು ಷರಾ. ಬರೆದ ವೈದ್ಯರು ತೀರಿಕೊಂಡು ಆರು ವರ್ಷವಾಗಿತ್ತು. 'ರೋಗಿ ಹಟಮಾರಿ. ಸೂಜಿಗೆ ಒಪ್ಪುವುದಿಲ್ಲ. ಜಗಳಗಂಟಿ.'

ಅಷ್ಟೇ. ಪೆನ್ಸಿಲಿನ್ ಎಂಬ ಶಬ್ದವೇ ಇರಲಿಲ್ಲ. ಷರಾ ಅಳಿಯದೆ ಇದ್ದಿದ್ದರೂ ಆ ಕಿರಿಯ ವೈದ್ಯ ಸೂಜಿ ಕೊಡಿಸುತ್ತಿದ್ದ. ಒಂದು ಕ್ಷಣ ನೀಲಗಂಗಾಳ ಎದೆಯ ಮೇಲಿನ ಕಲ್ಲು ಸರಿಯಿತು. ಮರುಕ್ಷಣವೇ ಹಾಗೆ ಹಗುರಾದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಇದನ್ನು ಓದಿ ಹೇಳಬೇಕೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಓದಿ ಹೇಳಿದಳು. ದ್ಯಾಮವ್ವ ನಗಲು ಹೋಗಿ ಕೆಮ್ಮಿದಳು. ನೆನಪಿತ್ತು ಅವಳಿಗೆ. ಅವತ್ತು ಮೊದಲ ಸಲ ಚುಚ್ಚಿದಾಗ ಮೈಯೆಲ್ಲ ಗಂಧೆ ಎದ್ದು, ಮುಖ ಬಾತಿತ್ತು. ಸಂಜೆ ಮತ್ತೆ ಚುಚ್ಚಲು ಬಂದಾಗ ಸಿರಿಂಜ್ ಕಸಿದು ಮೋರಿಗೆ ಎಸೆದು, ನಡೆದು ಮನೆಗೆ ಹೋಗಿದ್ದಳು. ಯಾಕೆಂದು ಅವರೂ ಕೇಳಲಿಲ್ಲ, ಸಿಟ್ಟಿನಲ್ಲಿ ತಾನೂ ಹೇಳಲಿಲ್ಲ ಎಂದಳು.

ಆಗ ನೀಲಗಂಗಾಳ ಫೋನು ರಿಂಗಣಿಸಿತು. ಎತ್ತಿದರೆ ಪಾಲಕನ ದನಿ.

"ನಮಸ್ಕಾರ. 'ನವೀಕರಿಸು' ಸಲಕರಣೆಯ ವಿವರಣೆಯಿಂದ ಕೊನೆಯ ಎರಡು ಸಾಲು ತೆಗೆಯಲು ನಿರ್ದೇಶಕರು ಆದೇಶಿಸಿದ್ದಾರೆ. ಆ ಸಾಲುಗಳು ಯಾಕಿವೆ ಎಂದು ನನಗೆ ತಿಳಿದಿಲ್ಲ. ಬರೆದವರು ತಾವು. ತಿಳಿಸುವಿರಾ?"

ವಿವರಣೆಗಳೂ ಕೇಂದ್ರದ ದಾಖಲೆಗಳೇ. ಅವನ್ನು ತಿದ್ದುವುದೂ ಪಾಲಕನ ಕೆಲಸವೇ. ಗಲಗಲಿ ತನ್ನ ಕೋಣೆಯಲ್ಲಿ ಕೂತು ಬಾಯಿಮಾತಿನಲ್ಲಿ ಆದೇಶ ಕೊಟ್ಟಿದ್ದ. ಪಾಲಕ ಸಲಕರಣೆ ಎತ್ತಿಕೊಳ್ಳುವ ಮೊದಲು, ಎಂದಿನಂತೆ, ಅದರ ಮೇಲೆ ಬರೆದದ್ದನ್ನು ಓದಿತ್ತು.

ನೀಲಗಂಗಾ ಎದ್ದು ಮಂಚಗಳ ನಡುವೆ ನಡೆಯತೊಡಗಿದಳು. ನಡೆಯುತ್ತಲೇ ಹನುಮವ್ವನ ಬಾಗಿಲ ಕಥೆ ಹೇಳಿದಳು. ಮತ್ತೆ ದ್ಯಾಮವ್ವನ ಮಂಚದ ಬಳಿ ಬಂದು ನಿಂತು, ಹದಿನಾಲ್ಕು ವರ್ಷದ ಹಿಂದಿನ ಸಿರಿಂಜಿನ ಕಥೆ ಹೇಳಿದಳು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಅರ್ಥವಾಗದಿದ್ದಾಗ ಅದು ಕಸದಂತೆಯೇ ಕಾಣುತ್ತದೆ. ಕಸ ಯಾವುದು, ಜೀವ ಯಾವುದು ಎಂದು ಕೇಳದೆ ತಿಳಿಯುವುದಿಲ್ಲ. ಅದಕ್ಕಾಗಿ ಈ ಸಾಲುಗಳು ಎಂದಳು.

"ದಾಖಲಿಸಿಕೊಂಡೆ," ಎಂದಿತು ಪಾಲಕ. "ನನ್ನದೊಂದು ಪ್ರಶ್ನೆ ಉಳಿದಿದೆ. ಆರು ಸಾವಿರದ ಮುನ್ನೂರು ಸಾಲುಗಳನ್ನು ಬರೆದವರು ಈಗಿಲ್ಲ. ಅವುಗಳ ವಿಷಯದಲ್ಲಿ ಯಾರನ್ನು ಕೇಳಲಿ?"

ನೀಲಗಂಗಾ ದ್ಯಾಮವ್ವನ ಮುಖ ನೋಡಿದಳು. ನಿಧಾನವಾಗಿ, ಒಂದೊಂದು ಪದವನ್ನೂ ತೂಗಿ, ಇನ್ನೊಂದು ಸಾಲು ಹೇಳಿ ಬರೆಸಿದಳು: 'ಆ ಸಾಲು ಯಾರ ಬಗ್ಗೆ ಇದೆಯೋ ಅವರಿಗೇ ಅದನ್ನು ಓದಿ ಹೇಳಿ, ಅವರನ್ನು ಕೇಳು. ಬರೆದವರು ಬದುಕಿದ್ದರೂ ಇವರನ್ನು ಕೇಳುವುದನ್ನು ಬಿಡಬೇಡ.'

ಅವಳು ಕೊಟ್ಟ ಕಾರಣವನ್ನು ಪಾಲಕ ಅದೇ ಸಂಜೆ ಗಲಗಲಿಯ ಮೇಜಿನ ಮೇಲೆ ಇಟ್ಟಿತು. ಅವನು ಅದನ್ನು ಎರಡು ಸಲ ಓದಿದನೆಂದು ಇಮ್ತಿಯಾಜ ಆಮೇಲೆ ಹೇಳಿದ. ಹನುಮವ್ವ ಬಿದ್ದ ಸಂಗತಿ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಸಾಲುಗಳನ್ನು ಅವನು ತೆಗೆಸಲಿಲ್ಲ. ಕರೆಗಳು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ಹೋಗಬೇಕು, ಒಬ್ಬರಿಗೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಹೋಗಬಾರದು ಎಂದು ಸೇರಿಸಿದ. ಅದು ಒಳ್ಳೆಯ ತಿದ್ದುಪಡಿಯೇ ಆಗಿತ್ತು.

ಮುಂದೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ತಮ್ಮ ಬಗ್ಗೆ ಆಸ್ಪತ್ರೆಯಲ್ಲಿ ಏನು ಬರೆದಿದ್ದಾರೆಂದು ಐದು ಜಿಲ್ಲೆಗಳ ಜನ ಮೊದಲ ಸಲ ಕೇಳಿಸಿಕೊಂಡರು. ಮಿಲ್ಲಿನಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ಕೆಲವರು ಜಗಳಕ್ಕೆ ಬಂದರು. ಕುಡುಕ ಎಂದು ಬರೆಸಿಕೊಂಡಿದ್ದ ಒಬ್ಬ ಮೇಷ್ಟ್ರು ತನಗಿದ್ದದ್ದು ಕಿವಿಯ ತೊಂದರೆ, ಅದರಿಂದ ತೂರಾಡುತ್ತಿದ್ದೆ ಎಂದು ಸಾಬೀತು ಮಾಡಿ ಚಿಕಿತ್ಸೆ ಪಡೆದರು. ಷರಾಗಳು ಚೊಕ್ಕಟವಾಗುವ ಬದಲು ಎರಡು ಪಟ್ಟು ಉದ್ದವಾದವು. ಓದಲು ಹೊತ್ತು ಹಿಡಿಯುತ್ತದೆಂದು ವೈದ್ಯರು ಗೊಣಗಿದರು. ಓದುವಷ್ಟು ಹೊತ್ತು ರೋಗಿ ಎದುರಿಗೆ ಕೂತಿರುತ್ತಿದ್ದರಿಂದ ಬೇರೆ ದಾರಿಯಿಲ್ಲದೆ ಮಾತಾಡಿಸತೊಡಗಿದರು. ಆಸ್ಪತ್ರೆಯ ಸಾಲು ಮತ್ತೆ ಮೊದಲಿನಷ್ಟೇ ಉದ್ದವಾಯಿತು. ಅದರ ಬಗ್ಗೆ ದೂರು ಮಾತ್ರ ಬರಲಿಲ್ಲ.

ನೀಲಗಂಗಾ ಉಳಿದ ಹದಿನೈದು ವಿವರಣೆಗಳನ್ನೂ ಹಿಂದಕ್ಕೆ ಪಡೆದು, ಒಂದೊಂದಕ್ಕೆ ಒಂದು ವಾರ ತೆಗೆದುಕೊಂಡು ತಿರುಗಿ ಬರೆದಳು. ಯಾರೂ ಹೊಗಳಲಿಲ್ಲ.

ದ್ಯಾಮವ್ವನಿಗೆ ಕರೆ ಹೋದದ್ದು ಅವಳು ಮಿಲ್ಲಿಗೆ ಮರಳಿದ ಮೂರನೆಯ ದಿನ. ಪೆನ್ಸಿಲಿನ್ ಕೊಡಬಾರದು ಎಂಬ ಸಾಲು ಕೆಂಪಕ್ಷರದಲ್ಲಿ ಸೇರಿಯಾಗಿತ್ತು. ಇನ್ನು ಹಳೆಯ ಷರಾದ ಅಗತ್ಯವಿಲ್ಲ, ತೆಗೆಯಬಹುದೇ ಎಂದು ಪಾಲಕ ಅವಳನ್ನು ಕೇಳಿತು. ಆ ಕರೆಯ ಧ್ವನಿಮುದ್ರಣವನ್ನು ಇಮ್ತಿಯಾಜ ನೀಲಗಂಗಾಳಿಗೆ ಕೇಳಿಸಿದ. ಹಿನ್ನೆಲೆಯಲ್ಲಿ ಗಾಣದ ಸದ್ದು. ಮತ್ತೊಮ್ಮೆ ಓದು ಎಂದಳು ದ್ಯಾಮವ್ವ. ರೋಗಿ ಹಟಮಾರಿ, ಜಗಳಗಂಟಿ ಎಂದು ಪಾಲಕ ಓದಿತು.

"ಇರ್ಲಿ ಬಿಡಪಾ," ಎಂದಳು. "ಅದು ಇದ್ರ ಡಾಕ್ಟರು ತುಸು ಅಂಜತಾರ."